ಅಮೆರಿಕದಿಂದ ಬಂದ ರೆಕಾರ್ಡ್ ಪ್ಲೇಯರ್‌ನಲ್ಲಿ ಮನ್ಸೂರರ ದನಿ ತಗ್ಗಿ ಕೇಳಿಸುತ್ತಿದೆ, ಕಾರಣವೇನಿರಬಹುದು?

ಪ್ರಶ್ನೆ: ವಿದ್ಯಾನಗರ, ದಾವಣಗೆರೆ

ಮಾನ್ಯರೇ, ನಮ್ಮ ತಂದೆಯವರು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಲೆಕ್ಕದ ಗುಮಾಸ್ತರಾಗಿದ್ದವರು. ಈಗ ಅವರಿಗೆ ಎಂಬತ್ತೆರಡು ವರ್ಷ. ಕಣ್ಣು ಮಂದವಾಗಿದ್ದರೂ ಕಿವಿ ಚುರುಕಾಗಿಯೇ ಇದೆ. ತಿಂಗಳ ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ ಅವರು ಕೊಂಡಿಟ್ಟ ಅರವತ್ತರಷ್ಟು ಎಲ್‌ಪಿ ಪ್ಲೇಟುಗಳು ನಮ್ಮಲ್ಲಿವೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರ ಗಾಯನವೇ ಅವುಗಳಲ್ಲಿ ಹೆಚ್ಚು. ಹಳೆಯ ಪ್ಲೇಯರ್ ಕೆಟ್ಟುಹೋದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವೆಲ್ಲ ಬೀರುವಿನಲ್ಲೇ ಉಳಿದಿದ್ದವು.

ಅಮೆರಿಕದಲ್ಲಿರುವ ನನ್ನ ತಮ್ಮ ಕಳೆದ ತಿಂಗಳು ಊರಿಗೆ ಬಂದಾಗ, ಅಲ್ಲಿ ತಾನು ಬಳಸುತ್ತಿದ್ದ ಬೆಲ್ಟಿನಿಂದ ತಿರುಗುವ ಪ್ಲೇಯರ್ ಒಂದನ್ನು ಅಪ್ಪನಿಗಾಗಿ ತಂದುಕೊಟ್ಟು ಹೋದ. ಅದಕ್ಕೆ ಆಡಿಯೊ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ (ಮುಳ್ಳು ಕೂರುವ, ಅದರ ಅದುರನ್ನು ವಿದ್ಯುತ್ತಾಗಿಸುವ ಭಾಗ) ಹೊಸದಾಗಿ ಹಾಕಿಸಿದ್ದಾನೆ. ಜೊತೆಗೆ ಅದರಿಂದ ಬರುವ ಕ್ಷೀಣ ಸದ್ದನ್ನು ಹಿಗ್ಗಿಸುವ ಒಂದು ಪುಟ್ಟ ಫೋನೊ ಪ್ರಿಆಂಪ್ ಇದೆ. ಯಂತ್ರ 120 ವೋಲ್ಟಿನದಾದ್ದರಿಂದ ಇಲ್ಲಿಯ ಅಂಗಡಿಯಲ್ಲಿ 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಂಡು, ಅದನ್ನು ಪ್ಲೇಯರ್‌ನ ಪಕ್ಕದಲ್ಲೇ ಇಟ್ಟುಕೊಂಡಿದ್ದೇವೆ.

ಮೊದಲ ದಿನ ಗಂಗೂಬಾಯಿಯವರ ಪ್ಲೇಟು ಹಾಕಿದೆವು. ಅವರದು ಮೊದಲೇ ಗಂಭೀರವಾದ, ಗಡಸಾದ ಕಂಠ, ಹಾಗಾಗಿ ನನಗೆ ಯಾವ ಅನುಮಾನವೂ ಬರಲಿಲ್ಲ. ಎರಡನೆಯದಾಗಿ ಮನ್ಸೂರರ ಪ್ಲೇಟು ಹಾಕಿದಾಗ ಅಪ್ಪ ಎರಡು ನಿಮಿಷ ಕೇಳಿ, "ಇದು ಮನ್ಸೂರರ ದನಿ ಅಲ್ಲ ಕಣಮ್ಮ, ಯಾರೋ ಬಾವಿಯೊಳಗೆ ಕೂತು ಹಾಡಿದ ಹಾಗಿದೆ" ಎಂದರು. ತಮ್ಮನಿಗೆ ಫೋನ್ ಮಾಡಿದೆ. ಅವನು ವೇಗ ಪರೀಕ್ಷಿಸುವ ಗೆರೆಗಳಿರುವ ಚಕ್ರದ ಚಿತ್ರವೊಂದನ್ನು ಕಳುಹಿಸಿ, ಅದನ್ನು ಮುದ್ರಿಸಿ ತಟ್ಟೆಯ ಮೇಲಿಟ್ಟು ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಲು ಹೇಳಿದ. ನೋಡಿದರೆ ಗೆರೆಗಳು ಒಂದಿಷ್ಟೂ ಸರಿಯದೆ ನಿಂತಲ್ಲೇ ನಿಂತಿದ್ದವು. ವೇಗ ಸರಿಯಾಗಿಯೇ ಇದೆ, ಅಪ್ಪನಿಗೆ ವಯಸ್ಸಾದ್ದರಿಂದ ಹಾಗನ್ನಿಸುತ್ತಿರಬಹುದು ಎಂದು ಅವನ ಅಭಿಪ್ರಾಯ. ನನಗೆ ಹಾಗನ್ನಿಸುತ್ತಿಲ್ಲ.

ಇದಲ್ಲದೆ ಇನ್ನೂ ಮೂರು ತೊಂದರೆಗಳಿವೆ. ಹಾಡಿನ ಹಿಂದೆ ಸದಾ ಗುಂಯ್ ಎನ್ನುವ ಸದ್ದಿದೆ. ಪ್ಲೇಯರ್‌ನ ಹಿಂಬದಿಯಿಂದ ಹೊರಟ ತೆಳುವಾದ ಹಸಿರು ತಂತಿಯೊಂದನ್ನು ಎಲ್ಲಿಗೆ ಸೇರಿಸಬೇಕೆಂದು ತಿಳಿಯದೆ ಸುತ್ತಿಟ್ಟಿದ್ದೇನೆ. ಲೋಹದ ಭಾಗ ಮುಟ್ಟಿದಾಗ ಬೆರಳು ಸಣ್ಣಗೆ ಜುಮ್ಮೆನ್ನುತ್ತದೆ. ಕೊನೆಯದಾಗಿ, ಕೆಲವು ಪ್ಲೇಟುಗಳಲ್ಲಿ ಮುಳ್ಳು ಜಾರಿ ಒಳಕ್ಕೆ ಓಡುತ್ತಿತ್ತು. ಹಿಂದೆ ತಾವು ಮಾಡುತ್ತಿದ್ದ ಹಾಗೆಯೇ ತೋಳಿನ ತುದಿಯ ಮೇಲೆ ಸ್ಟೀಲಿನ ನಾಲ್ಕಾಣೆ ಇಡಲು ಅಪ್ಪ ಹೇಳಿದರು. ಇಟ್ಟ ಮೇಲೆ ಜಾರುವುದು ನಿಂತಿದೆ. ಈ ಪ್ಲೇಟುಗಳು ಮತ್ತೆ ಸಿಗುವಂಥವಲ್ಲ. ಆದ್ದರಿಂದ ತಿಳಿದವರು ದಯವಿಟ್ಟು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 1: ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಅಮ್ಮಾ, ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ರೇಡಿಯೊ, ಆಂಪ್ಲಿಫೈಯರ್, ಪ್ಲೇಯರ್ ರಿಪೇರಿ ಮಾಡಿಕೊಂಡು ಬಂದವನು. ಉಳಿದ ವಿಚಾರ ಆಮೇಲೆ ನೋಡೋಣ. ಮೊದಲು ಆ ನಾಲ್ಕಾಣೆಯನ್ನು ತೆಗೆದಿಡಿ, ತೆಗೆಯುವವರೆಗೆ ಇನ್ನೊಂದು ಪ್ಲೇಟನ್ನೂ ಹಾಕಬೇಡಿ.

ತಂದೆಯವರು ಹೇಳಿದ್ದು ಅವರ ಕಾಲದ ಯಂತ್ರಕ್ಕೆ ಒಂದು ಮಟ್ಟಿಗೆ ನಡೆಯುತ್ತಿತ್ತು. ಆಗಿನ ಸೆರಾಮಿಕ್ ಕಾರ್ಟ್ರಿಜ್‌ಗಳು ನಾಲ್ಕೈದು ಗ್ರಾಂ ಭಾರದಲ್ಲಿಯೇ ಓಡುತ್ತಿದ್ದವು, ತೋಳೂ ಒರಟಾಗಿರುತ್ತಿತ್ತು. ನಿಮ್ಮಲ್ಲಿರುವ ಕಾರ್ಟ್ರಿಜ್‌ಗೆ ತಯಾರಕರು ಹೇಳಿರುವ ಭಾರ 2 ಗ್ರಾಂ ಮಾತ್ರ. ಕಡಿಮೆಯೆಂದರೆ 1.8, ಹೆಚ್ಚೆಂದರೆ 2.2. ಸ್ಟೀಲಿನ ನಾಲ್ಕಾಣೆ ಒಂದೇ 2.83 ಗ್ರಾಂ ತೂಗುತ್ತದೆ. ತೋಳಿನ ತೂಕ ಸರಿಯಾಗಿದ್ದರೂ ಮುಳ್ಳಿನ ಮೇಲೆ ಸುಮಾರು 5 ಗ್ರಾಂ ಬೀಳುತ್ತಿದೆ ಎಂದಾಯಿತು. ಆ ಮುಳ್ಳಿನ ಮೊನೆ ಕೂದಲಿಗಿಂತ ಸಣ್ಣದು, ಅದನ್ನು ಹಿಡಿದ ಕಡ್ಡಿ ಇನ್ನೂ ನಾಜೂಕು. ಹೆಚ್ಚಿನ ಭಾರಕ್ಕೆ ಕಡ್ಡಿ ಬಗ್ಗುತ್ತದೆ, ಕಾರ್ಟ್ರಿಜ್‌ನ ಹೊಟ್ಟೆ ಪ್ಲೇಟಿಗೆ ತಾಗಬಹುದು, ಗೆರೆಯ ಗೋಡೆ ಸವೆಯುತ್ತದೆ. ಕಾರ್ಟ್ರಿಜ್ ಕೆಟ್ಟರೆ ಹೊಸದು ತರಬಹುದು, ಸವೆದ ಗೆರೆಯನ್ನು ಯಾರೂ ತುಂಬಿಕೊಡಲಾರರು. ಮುಳ್ಳು ಜಾರುವುದಕ್ಕೆ ಕಾರಣ ಬೇರೆಯೇ ಇರುತ್ತದೆ, ನಾಣ್ಯ ಅದನ್ನು ಮುಚ್ಚಿಟ್ಟಿತಷ್ಟೇ.

ಇನ್ನು ದನಿಯ ವಿಚಾರ. ತಂದೆಯವರ ಕಿವಿಯನ್ನು ನಾನು ನಂಬುತ್ತೇನೆ. ಗೆರೆಯ ಚಕ್ರವನ್ನು ಪಕ್ಕಕ್ಕಿಟ್ಟು ಒಂದು ಕೆಲಸ ಮಾಡಿ. ತಿರುಗುವ ತಟ್ಟೆಯ ಅಂಚಿಗೆ ಚಿಕ್ಕ ಕಾಗದದ ಚೂರು ಅಂಟಿಸಿ, ಅದು ತೋಳಿನ ಎದುರು ಹಾದುಹೋಗುವುದನ್ನು ಎಣಿಸುತ್ತಾ, ನೂರು ಸುತ್ತು ಮುಗಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ಮೊಬೈಲಿನಲ್ಲಿ ಅಳೆಯಿರಿ. ಎಲ್‌ಪಿ ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು ತಿರುಗಬೇಕು, ಅಂದರೆ ನೂರು ಸುತ್ತಿಗೆ ಸರಿಯಾಗಿ ಮೂರು ನಿಮಿಷ. ಎಣಿಕೆ ಶುರು ಮಾಡುವಾಗ ಮೊದಲ ಸಲ ಕಾಗದ ಎದುರಿಗೆ ಬಂದದ್ದನ್ನು ಸೊನ್ನೆ ಎಂದು ಹಿಡಿಯಿರಿ, ಒಂದು ಎಂದಲ್ಲ. ಜೊತೆಗೆ ತಮ್ಮನವರು ಕಳುಹಿಸಿದ ಚಕ್ರದಲ್ಲಿ ಒಟ್ಟು ಎಷ್ಟು ಗೆರೆಗಳಿವೆ ಎಂಬುದನ್ನೂ ಎಣಿಸಿ ತಿಳಿಸಿ. ಆಮೇಲೆ ಮಾತಾಡೋಣ.

ಪ್ರಶ್ನೆ ಕೇಳಿದವರು

ನಾಣ್ಯ ತೆಗೆದಿಟ್ಟೆ, ಸರ್. ಕಾಗದ ಅಂಟಿಸಿ ಮೂರು ಸಲ ಎಣಿಸಿದೆ. ಮೂರು ಸಲವೂ ನೂರು ಸುತ್ತಿಗೆ 3 ನಿಮಿಷ 36 ಸೆಕೆಂಡು ಹಿಡಿಯಿತು. ಒಂದು ಸಲ ಮಾತ್ರ ಅರ್ಧ ಸೆಕೆಂಡಿನ ವ್ಯತ್ಯಾಸ ಬಂತು, ಅದು ನನ್ನ ಬೆರಳಿನದೇ ಇರಬೇಕು. ಚಕ್ರದ ಗೆರೆಗಳನ್ನು ಪೆನ್ಸಿಲಿನಿಂದ ಹತ್ತಹತ್ತಕ್ಕೆ ಗುರುತು ಹಾಕುತ್ತಾ ಎಣಿಸಿದಾಗ 216 ಬಂದವು. ಎಣಿಸುವಾಗ ಅಪ್ಪ ಪಕ್ಕದಲ್ಲೇ ಕುಳಿತು ತಾವೂ ಎಣಿಸುತ್ತಿದ್ದರು, ಹಾಗಾಗಿ ಲೆಕ್ಕ ತಪ್ಪಿರುವ ಸಂಭವವಿಲ್ಲ.

ಉತ್ತರ 1ರವರು: ಚಿತ್ರದುರ್ಗ

ಕಾರಣ ಗೊತ್ತಾಯಿತು, ಅಮ್ಮಾ. ನಿಮ್ಮ ಯಂತ್ರ ಕೆಟ್ಟಿಲ್ಲ, ಪರದೇಶದ ವಿದ್ಯುತ್ತಿಗೆಂದು ಮಾಡಿದ ಯಂತ್ರ ನಮ್ಮ ವಿದ್ಯುತ್ತಿನಲ್ಲಿ ತಿರುಗುತ್ತಿದೆ.

ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತದ್ದು, ನಮ್ಮದು 50ರದ್ದು. ನಿಮ್ಮ ಪ್ಲೇಯರ್‌ನ ಮೋಟಾರು ಸಿಂಕ್ರೊನಸ್ ಜಾತಿಯದು. ಅದರ ವೇಗ ವೋಲ್ಟೇಜನ್ನು ಅವಲಂಬಿಸಿಲ್ಲ, ಈ ಆವರ್ತವನ್ನೇ ಅನುಸರಿಸುತ್ತದೆ. ನೀವು ಕೊಂಡ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸಿತು, ಆದರೆ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ, ಹಾಗೆಯೇ ಉಳಿಯಿತು. ಟ್ರಾನ್ಸ್‌ಫಾರ್ಮರ್ ಎಷ್ಟೇ ದುಬಾರಿಯದಾದರೂ ಅದನ್ನು ಬದಲಿಸಲಾರದು. ಆರರಲ್ಲಿ ಐದು ಪಾಲು ವೇಗ ಮಾತ್ರ ಸಿಕ್ಕಿ ತಟ್ಟೆ ನಿಮಿಷಕ್ಕೆ 27.8 ಸುತ್ತು ತಿರುಗುತ್ತಿದೆ. ಮೂರು ನಿಮಿಷದ ಕೆಲಸಕ್ಕೆ ಮೂರು ನಿಮಿಷ ಮೂವತ್ತಾರು ಸೆಕೆಂಡು ಹಿಡಿದದ್ದು ಅದಕ್ಕೇ.

ಗೆರೆಗಳೇಕೆ ನಿಂತವು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ನಮ್ಮ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಅಮೆರಿಕದ್ದು ನೂರಿಪ್ಪತ್ತು ಸಲ. ಹಾಗಾಗಿ ನಮ್ಮಲ್ಲಿ ಎಲ್‌ಪಿ ವೇಗ ನೋಡುವ ಚಕ್ರಕ್ಕೆ 180 ಗೆರೆಗಳಿರಬೇಕು, ಅಲ್ಲಿ 216. ತಮ್ಮನವರು ಕಳುಹಿಸಿದ್ದು ಅಲ್ಲಿಯ ಚಕ್ರ. ಮೋಟಾರೂ 60ರದ್ದು, ಚಕ್ರವೂ 60ರದ್ದು, ಬೆಳಕು ಮಾತ್ರ 50ರದ್ದು. ಮೋಟಾರಿನ ವೇಗ ಯಾವ ಪ್ರಮಾಣದಲ್ಲಿ ತಗ್ಗಿದೆಯೋ ಬೆಳಕಿನ ಮಿನುಗೂ ಅದೇ ಪ್ರಮಾಣದಲ್ಲಿ ತಗ್ಗಿದ್ದರಿಂದ, ತಪ್ಪು ವೇಗದಲ್ಲಿಯೇ ಗೆರೆಗಳು ಕದಲದೆ ನಿಂತುಬಿಟ್ಟವು. 180 ಗೆರೆಯ ಚಕ್ರ ಮುದ್ರಿಸಿಕೊಂಡು ನೋಡಿ, ಗೆರೆಗಳು ಹಿಂದಕ್ಕೆ ಓಡುವುದು ಕಾಣುತ್ತದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನಲ್ಲೇ ನೋಡಬೇಕು. ಈಗಿನ ಎಲ್‌ಇಡಿ ಬಲ್ಬುಗಳಲ್ಲಿ ಬಹುಪಾಲು ಈ ಪರೀಕ್ಷೆಗೆ ಒದಗುವುದಿಲ್ಲ.

ಇದಕ್ಕಿರುವ ಮದ್ದು ಮೋಟಾರಿನ ತುದಿಯಲ್ಲಿ ಬೆಲ್ಟು ಹಾಯುವ ಪುಲ್ಲಿಯನ್ನು ಬದಲಾಯಿಸುವುದು. ಕೆಲವು ಕಂಪನಿಗಳು ಒಂದೇ ಮಾದರಿಗೆ ಎರಡು ದೇಶಗಳ ಪುಲ್ಲಿಗಳನ್ನು ಮಾಡುತ್ತಿದ್ದವು, ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಬಹುದು. ನೀವಿರುವ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ತಯಾರಿಸುತ್ತಿತ್ತು. ಅಲ್ಲಿ ಪಳಗಿದ ಟರ್ನರುಗಳ ಕೈಯಲ್ಲಿ ಕೆಲಸ ಕಲಿತವರು ನಿಮ್ಮ ಸುತ್ತಮುತ್ತ ಈಗಲೂ ಸಿಗುತ್ತಾರೆ.

ಅಳತೆಯಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಪುಲ್ಲಿಯ ವ್ಯಾಸವನ್ನು ಸುಮ್ಮನೆ 1.2ರಿಂದ ಗುಣಿಸಬೇಡಿ. ಬೆಲ್ಟು ಬಾಗುವಾಗ ಲೆಕ್ಕಕ್ಕೆ ಬರುವುದು ಅದರ ದಪ್ಪದ ನಟ್ಟನಡುವಿನ ಗೆರೆ, ಆದ್ದರಿಂದ ಪುಲ್ಲಿಯ ವ್ಯಾಸಕ್ಕೆ ಬೆಲ್ಟಿನ ದಪ್ಪ ಸೇರಿಸಿ, ಆ ಮೊತ್ತವನ್ನು 1.2ರಿಂದ ಗುಣಿಸಿ, ಆಮೇಲೆ ಬೆಲ್ಟಿನ ದಪ್ಪ ಕಳೆಯಬೇಕು. ಪುಲ್ಲಿ 10 ಮಿಲಿಮೀಟರ್, ಬೆಲ್ಟು 0.6 ಎಂದಿಟ್ಟುಕೊಳ್ಳಿ. 10.6ನ್ನು 1.2ರಿಂದ ಗುಣಿಸಿದರೆ 12.72, ಅದರಲ್ಲಿ 0.6 ಕಳೆದರೆ 12.12. ನೇರವಾಗಿ 12 ಎಂದು ಮಾಡಿಸಿದ್ದರೆ ನೂರಕ್ಕೆ ಒಂದರಷ್ಟು ನಿಧಾನ ಉಳಿಯುತ್ತಿತ್ತು, ತಂದೆಯವರು ಅದನ್ನೂ ಹಿಡಿಯುತ್ತಿದ್ದರು. ಟರ್ನರ್‌ಗೆ ಒಂದು ಕೂದಲೆಳೆ ದಪ್ಪವಾಗಿಯೇ ಬಿಡಲು ಹೇಳಿ. ದಪ್ಪವಿದ್ದರೆ ಉಜ್ಜಿ ಇಳಿಸಬಹುದು, ತೆಳುವಾದರೆ ಹೊಸದೇ ಮಾಡಬೇಕು. ಬೆಲ್ಟು ಕೂರುವ ಜಾಗ ನಡುವೆ ಸ್ವಲ್ಪ ಉಬ್ಬಿರುವುದನ್ನು ಹಳೆಯ ಪುಲ್ಲಿಯಲ್ಲಿ ನೋಡಿರುತ್ತೀರಿ. ಅದು ಹಾಗೆಯೇ ಬರಬೇಕು, ಇಲ್ಲದಿದ್ದರೆ ಬೆಲ್ಟು ಜಾರಿ ಕೆಳಗೆ ಬೀಳುತ್ತದೆ.

ಇನ್ನೊಂದು ವಿಷಯ. 60ರ ಮೋಟಾರು 50ರಲ್ಲಿ ಓಡುವಾಗ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುವುದು ಕ್ಷೇಮ. 120ರ ಆರರಲ್ಲಿ ಐದು ಪಾಲು ಎಂದರೆ 100 ವೋಲ್ಟ್. ಜಪಾನಿನ ಉಪಕರಣಗಳಿಗೆಂದು ಮಾರುವ 100 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಕೊಳ್ಳುವಾಗ ಎರಡು ಸುತ್ತು ತಂತಿ ಬೇರೆಬೇರೆಯಾಗಿರುವ ಐಸೊಲೇಷನ್ ಜಾತಿಯದನ್ನೇ ಕೇಳಿ. ಈಗ ನಿಮ್ಮಲ್ಲಿರುವುದು ಒಂದೇ ಸುತ್ತಿನಿಂದ ಕವಲು ತೆಗೆದ ಅಗ್ಗದ ಬಗೆಯದಾಗಿದ್ದರೆ, ನಮ್ಮ ಮೇನ್ಸ್ ನೇರವಾಗಿ ಯಂತ್ರದವರೆಗೂ ಬಂದಿರುತ್ತದೆ. ಬೆರಳು ಜುಮ್ಮೆನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯ ಮೂರು ಪಿನ್ನಿನ ಸಾಕೆಟ್ಟಿಗೆ ನಿಜಕ್ಕೂ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ನಿಷ್ಪ್ರಯೋಜಕವಾಗುವುದು ಸಾಮಾನ್ಯ.

ಉತ್ತರ 2: ಪಿ.ಜೆ. ಬಡಾವಣೆ, ದಾವಣಗೆರೆ

ಮೇಡಂ, ನಾನು ಹಾರ್ಮೋನಿಯಂ ನುಡಿಸುವವನು, ಮನೆಯಲ್ಲಿ ಹದಿನೈದು ವರ್ಷಗಳಿಂದ ಪ್ಲೇಯರ್ ಇಟ್ಟುಕೊಂಡಿದ್ದೇನೆ. ಚಿತ್ರದುರ್ಗದ ಹಿರಿಯರು ಹೇಳಿದ ಲೆಕ್ಕಕ್ಕೆ ಸಂಗೀತದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಆರಕ್ಕೆ ಐದು ಎಂಬ ಪ್ರಮಾಣವೇ ಷಡ್ಜಕ್ಕೂ ಕೋಮಲ ಗಾಂಧಾರಕ್ಕೂ ಇರುವ ಅಂತರ. ಹಾರ್ಮೋನಿಯಂನ ಕರಿ ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು, ಹಾಡಿದವರು ನಿಮ್ಮ ಯಂತ್ರದಲ್ಲಿ ಕೆಳಗಿನ ಕರಿ ಐದರಲ್ಲಿ ಹಾಡಿದಂತೆ ಕೇಳಿಸುತ್ತಾರೆ. ಜೊತೆಗೆ ಲಯವೂ ತಗ್ಗಿ, ಇಪ್ಪತ್ತು ನಿಮಿಷದ ಮಗ್ಗುಲು ಇಪ್ಪತ್ನಾಲ್ಕು ನಿಮಿಷವಾಗುತ್ತದೆ. ಸ್ವರಗಳ ಪರಸ್ಪರ ಅಂತರ ಮಾತ್ರ ಕೆಡದಿರುವುದರಿಂದ ರಾಗ ರಾಗವಾಗಿಯೇ ಉಳಿಯುತ್ತದೆ, ಅನೇಕರಿಗೆ ತಪ್ಪು ತಿಳಿಯದಿರುವುದು ಇದರಿಂದಲೇ. ನಿಮ್ಮ ತಂದೆಯವರು ಹಿಡಿದದ್ದು ಕಂಠದ ಬಣ್ಣವನ್ನು.

ಪುಲ್ಲಿ ಮಾಡಿಸುವ ಗೊಡವೆ ಬೇಡವೆಂದರೆ 60 ಹರ್ಟ್ಸ್ ಕೊಡುವ ಇನ್ವರ್ಟರ್ ತರಿಸಬಹುದಲ್ಲವೇ ಎಂಬ ಯೋಚನೆ ನನಗೆ ಬಂದಿತ್ತು. ನನ್ನ ಗೆಳೆಯರೊಬ್ಬರು ಹಾಗೆ ಮಾಡಿದ್ದಾರೆ, ಅವರ ಪ್ಲೇಯರ್ ಸರಿಯಾದ ಶ್ರುತಿಯಲ್ಲಿದೆ.

ಮುಳ್ಳು ಜಾರುವುದರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಯಂತ್ರ ಪ್ರಯಾಣ ಮಾಡಿ ಬಂದಿದೆ, ತೋಳಿನ ಹಿಂಬದಿಯ ತೂಕವನ್ನು ಬಿಚ್ಚಿ ಮತ್ತೆ ಹಾಕಿರುತ್ತಾರೆ. ಆ ತೂಕದ ಮುಂದೆ ಅಂಕಿಗಳಿರುವ ಬಳೆಯೊಂದಿದೆ, ಅದು ತೂಕವನ್ನು ಬಿಟ್ಟು ತಾನೊಂದೇ ತಿರುಗುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಬಳೆಯನ್ನು 2ಕ್ಕೆ ತಿರುಗಿಸಿ, ಎರಡು ಗ್ರಾಂ ಇಟ್ಟೆವೆಂದು ತಿಳಿದುಬಿಡುತ್ತಾರೆ, ತೂಕ ಮಾತ್ರ ಇದ್ದಲ್ಲೇ ಇರುತ್ತದೆ. ಮೊದಲು ಮುಳ್ಳಿನ ಮುಸುಕು ತೆಗೆದು, ಜಾರುವಿಕೆ ತಡೆಯುವ ಆಂಟಿಸ್ಕೇಟಿಂಗ್ ಗುಂಡಿಯನ್ನು ಸೊನ್ನೆಗಿಟ್ಟು, ತೋಳನ್ನು ಆಸರೆಯಿಂದ ಬಿಡಿಸಿ, ತಕ್ಕಡಿಯ ದಂಡದ ಹಾಗೆ ಅದು ಅತ್ತ ಏಳದೆ ಇತ್ತ ಇಳಿಯದೆ ಗಾಳಿಯಲ್ಲಿ ತೇಲಿ ನಿಲ್ಲುವವರೆಗೆ ಹಿಂದಿನ ತೂಕವನ್ನು ತಿರುಗಿಸಬೇಕು. ತೇಲಿದ ಮೇಲೆ ತೂಕವನ್ನು ಅಲುಗಿಸದೆ ಬಳೆಯನ್ನಷ್ಟೇ ಸೊನ್ನೆಗೆ ತರಬೇಕು. ಕೊನೆಗೆ ಬಳೆಯೂ ತೂಕವೂ ಕೂಡಿಯೇ ತಿರುಗುವಂತೆ ತೂಕವನ್ನು ಹಿಡಿದು, ಅಂಕಿ 2 ಎದುರಿಗೆ ಬರುವಂತೆ ಮಾಡಬೇಕು. ಮುಳ್ಳು ತಟ್ಟೆಗೆ ತಾಗದಂತೆ ಒಂದು ಕೈ ಸದಾ ತೋಳಿನ ಹಿಡಿಯ ಹತ್ತಿರವಿರಲಿ. ಆಮೇಲೆ ಆಂಟಿಸ್ಕೇಟಿಂಗನ್ನೂ 2ಕ್ಕೆ ಇಡಿ. ನಿಮ್ಮಲ್ಲಿ ಮುಳ್ಳು ಒಳಕ್ಕೆ ಓಡುತ್ತಿದೆ ಎಂದರೆ ಭಾರ ತೀರಾ ಕಡಿಮೆಯಿದೆ, ಇಲ್ಲವೇ ಈ ಗುಂಡಿ ಸೊನ್ನೆಯಲ್ಲೇ ಉಳಿದಿದೆ ಎಂದೇ ಅರ್ಥ. ಚಿನ್ನ ತೂಗಲು ಬಳಸುವಂಥ ಗ್ರಾಮಿನ ನೂರನೇ ಪಾಲು ತೋರಿಸುವ ಪುಟ್ಟ ತಕ್ಕಡಿ ಸಿಕ್ಕರೆ ಮುಳ್ಳನ್ನು ಅದರ ಮೇಲೆ ಇಳಿಸಿ ಖಚಿತಪಡಿಸಿಕೊಳ್ಳಿ.

ಪ್ಲೇಯರ್ ಎಲ್ಲಿಟ್ಟಿದ್ದೀರಿ ಎಂದು ನೀವು ಬರೆದಿಲ್ಲ. ನಾನು ಮೊದಲು ಮರದ ಮೇಜಿನ ಮೇಲಿಟ್ಟು, ಮಕ್ಕಳು ಓಡಾಡಿದಾಗಲೆಲ್ಲ ಮುಳ್ಳು ಹಾರುವುದನ್ನು ನೋಡಿ ಬೇಸತ್ತಿದ್ದೆ. ಈಗ ಗೋಡೆಯಲ್ಲಿ ಹೂತ ಕಡಪ ಕಲ್ಲಿನ ಅಡ್ಡಪಟ್ಟಿಯ ಮೇಲಿಟ್ಟಿದ್ದೇನೆ. ನಮ್ಮ ಊರಿನ ಮನೆಗಳಲ್ಲಿ ಪಾತ್ರೆ ಜೋಡಿಸಲು ಇರುವ ಅದೇ ಕಲ್ಲು, ನೆಲದ ಅದುರು ಅಲ್ಲಿಗೆ ಏರುವುದೇ ಇಲ್ಲ. ಗಾರೆ ಕೆಲಸದವರ ರಸಮಟ್ಟವನ್ನು ತಿರುಗುವ ತಟ್ಟೆಯ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಿ ಕಾಲುಗಳನ್ನು ಸರಿಪಡಿಸಿ. ಸ್ಪೀಕರುಗಳನ್ನು ಅದೇ ಕಲ್ಲಿನ ಮೇಲೆ ಇಡಬೇಡಿ.

ಹಸಿರು ತಂತಿಯನ್ನು ಪ್ರಿಆಂಪಿನ ಹಿಂದಿರುವ ತಿರುಪಿಗೆ ಸಿಕ್ಕಿಸಿ ಬಿಗಿ ಮಾಡಿ, ಗುಂಯ್ ಸದ್ದಿನ ಬಹುಪಾಲು ಆಗಲೇ ಅಡಗುತ್ತದೆ. ಈ ಕಾರ್ಟ್ರಿಜ್ ಹುಟ್ಟಿಸುವುದು ಒಂದು ವೋಲ್ಟಿನ ಸಾವಿರದಲ್ಲಿ ನಾಲ್ಕು ಪಾಲು ಮಾತ್ರ. ಅಷ್ಟನ್ನು ನೂರಾರು ಪಟ್ಟು ಹಿಗ್ಗಿಸುವಾಗ ಪಕ್ಕದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೂ ಹಿಗ್ಗಿ ಕೇಳಿಸುತ್ತದೆ. ತೋಳು ಪ್ಲೇಟಿನ ಅಂಚಿನಿಂದ ನಡುವಿಗೆ ಸಾಗಿದಂತೆ ಸದ್ದು ಏರಿಳಿದರೆ ತಪ್ಪು ಟ್ರಾನ್ಸ್‌ಫಾರ್ಮರಿನದೇ. ಅದನ್ನು ಮೂರು ನಾಲ್ಕು ಅಡಿ ದೂರಕ್ಕೆ ಸರಿಸಿ.

ಉತ್ತರ 1ರವರು: ಚಿತ್ರದುರ್ಗ

ಇನ್ವರ್ಟರ್ ವಿಚಾರದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಮನೆಯ ಯುಪಿಎಸ್‌ಗಳು 50 ಹರ್ಟ್ಸ್‌ನವೇ, ಅವು ಈ ಕೆಲಸಕ್ಕೆ ಬಾರವು. ಅಗ್ಗದ ಇನ್ವರ್ಟರ್‌ಗಳಲ್ಲಿ 60 ಸಿಕ್ಕರೂ ಅಲೆ ಮೆಟ್ಟಿಲು ಮೆಟ್ಟಿಲಾಗಿ ಒಡೆದಿರುತ್ತದೆ, ಮೋಟಾರು ಅದರಿಂದ ಅದುರಿ, ಆ ಅದುರು ತಟ್ಟೆಯ ಮೂಲಕ ಮುಳ್ಳಿಗೆ ಬರುತ್ತದೆ. ಶುದ್ಧ ಸೈನ್ ಅಲೆಯ, 60 ಹರ್ಟ್ಸ್‌ಗೆ ಹೊಂದಿಸಬಹುದಾದ ಸಾಧನ ಚೆನ್ನಾಗಿಯೇ ಕೆಲಸ ಮಾಡುತ್ತದೆ, ತಮ್ಮ ಗೆಳೆಯರದು ಅಂಥದ್ದಿರಬೇಕು. ಅದರ ಬೆಲೆಗೆ ಹೋಲಿಸಿದರೆ ಬೆರಳುಗಾತ್ರದ ಹಿತ್ತಾಳೆ ತುಂಡನ್ನು ಕಡೆಸುವುದು ಏನೂ ಅಲ್ಲ. ಕಡಪ ಕಲ್ಲಿನ ಸಲಹೆ ಬಹಳ ಒಳ್ಳೆಯದು.

ಪುಲ್ಲಿ ಬಿಚ್ಚಿದಾಗ ತಟ್ಟೆಯನ್ನೂ ಮೇಲೆತ್ತಿ, ನಡುಗೂಟದ ಹಳೆಯ ಎಣ್ಣೆ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ ಒಂದೆರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಮಾರ್ಗಶಿರದ ಬೆಳಗಿನಲ್ಲಿ ತಟ್ಟೆ ತಿರುಗಲು ತಿಣುಕುತ್ತದೆ. ಹೀಗೆ ಅಂಟಿಕೊಂಡ ಮೂರು ನಾಲ್ಕು ಯಂತ್ರಗಳನ್ನು ನಾನೇ ತೊಳೆದಿದ್ದೇನೆ.

ಉತ್ತರ 3: ಹರಿಹರ

ಇಪ್ಪತ್ತು ವರ್ಷ ಬೀರುವಿನಲ್ಲಿದ್ದ ಪ್ಲೇಟುಗಳೆಂದು ಓದಿದ್ದರಿಂದ ಈ ಮಾತು ಬರೆಯುತ್ತಿದ್ದೇನೆ. ಹಾಕುವ ಮೊದಲು ತೊಳೆಯಿರಿ, ಧೂಳು ಮುಳ್ಳಿನ ಕೆಳಗೆ ಅರದಂತೆ ಕೆಲಸ ಮಾಡುತ್ತದೆ. ನಮ್ಮ ಬೋರ್‌ವೆಲ್ ನೀರು ಗಡುಸಾಗಿರುವುದರಿಂದ ಆರಿದ ಮೇಲೆ ಬಿಳಿಯ ಉಪ್ಪು ಗೆರೆಗಳಲ್ಲಿ ಕೂರುತ್ತದೆ. ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದೇ ಹನಿ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಗೆರೆ ಸುತ್ತುವ ದಿಕ್ಕಿನಲ್ಲೇ ಉಜ್ಜಿ, ಮತ್ತೆ ಬರೀ ಬಟ್ಟಿ ನೀರಿನಲ್ಲಿ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಆರಿಸಿ. ನಡುವಿನ ಕಾಗದದ ಲೇಬಲ್ ನೆನೆಯಬಾರದು.

ಮನೆಯಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳೂ ಇದ್ದರೆ ಅವನ್ನು ಈ ಯಂತ್ರದಲ್ಲಿ ಹಾಕಬೇಡಿ. ಅವುಗಳ ಗೆರೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ, ಎಲ್‌ಪಿಯ ಸಣ್ಣ ಮುಳ್ಳು ಅದರ ತಳದಲ್ಲಿ ಹೊರಳಾಡುತ್ತದೆ. ಅವನ್ನು ಮಾಡಿದ್ದು ಅರಗಿನಿಂದ. ಸ್ಪಿರಿಟ್, ಸ್ಯಾನಿಟೈಸರ್ ಯಾವುದನ್ನೂ ಸೋಂಕಿಸಬೇಡಿ. ಬಡಗಿಗಳು ಮರಕ್ಕೆ ಪಾಲಿಶ್ ಮಾಡುವುದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ತಾನೇ.

ಪ್ರಶ್ನೆ ಕೇಳಿದವರು: ಮೂರು ವಾರಗಳ ಬಳಿಕ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಡೆದದ್ದನ್ನು ಕ್ರಮವಾಗಿ ತಿಳಿಸುವುದು ನನ್ನ ಕರ್ತವ್ಯ.

ತೋಳಿನ ಬಳೆಯ ವಿಚಾರದಲ್ಲಿ ಪಿ.ಜೆ. ಬಡಾವಣೆಯವರು ಹೇಳಿದ ತಪ್ಪನ್ನೇ ನಾನು ಮಾಡಿದ್ದೆ. ತಕ್ಕಡಿಯಲ್ಲಿ ನೋಡಿದಾಗ ಮುಳ್ಳಿನ ಭಾರ 0.7 ಗ್ರಾಂ ಮಾತ್ರ ಇತ್ತು, ಈಗ 2 ಗ್ರಾಂ ಇದೆ. ನಾಣ್ಯವಿಲ್ಲದೆ ಒಂದು ಪ್ಲೇಟೂ ಜಾರುತ್ತಿಲ್ಲ, ನಾಲ್ಕಾಣೆಯನ್ನು ಅಪ್ಪ ದೇವರ ಮನೆಯ ಡಬ್ಬಿಗೆ ಹಾಕಿದರು. ಹಸಿರು ತಂತಿ ಬಿಗಿದ ಕೂಡಲೇ ಗುಂಯ್ ಸದ್ದು ಮುಕ್ಕಾಲು ಪಾಲು ನಿಂತಿತು, ಟ್ರಾನ್ಸ್‌ಫಾರ್ಮರನ್ನು ನೆಲಕ್ಕೆ ಇಳಿಸಿ ದೂರ ಸರಿಸಿದ ಮೇಲೆ ಉಳಿದದ್ದೂ ಅಡಗಿತು. ಎಲೆಕ್ಟ್ರಿಷಿಯನ್ ನೋಡಿ, ಹಾಲ್‌ನ ಸಾಕೆಟ್ಟಿನಲ್ಲಿ ಮೂರನೆಯ ಪಿನ್ನಿಗೆ ತಂತಿಯನ್ನೇ ಜೋಡಿಸಿರಲಿಲ್ಲವೆಂದು ತೋರಿಸಿದರು. ಮನೆ ಕಟ್ಟಿ ಮೂವತ್ತು ವರ್ಷವಾಗಿದ್ದರೂ ಅದು ನಮಗೆ ಗೊತ್ತಿರಲಿಲ್ಲ. ಅದನ್ನು ಸರಿಪಡಿಸಿ, 100 ವೋಲ್ಟಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ತಂದ ಮೇಲೆ ಜುಮ್ಮೆನ್ನುವುದು ಇಲ್ಲ, ಮೋಟಾರೂ ಮೊದಲಿನಷ್ಟು ಕಾಯುತ್ತಿಲ್ಲ.

ಪುಲ್ಲಿಯನ್ನು ಹರಿಹರದ ಲೇತ್ ಅಂಗಡಿಯೊಂದರಲ್ಲಿ ಹಿತ್ತಾಳೆಯಲ್ಲಿ ಮಾಡಿಸಿದೆ. ಟರ್ನರ್ ಹಿರಿಯರು. ಹಳೆಯ ಪುಲ್ಲಿಯನ್ನು ಬೆಳಕಿಗೆ ಹಿಡಿದು, ಉಬ್ಬಿನ ಮೇಲೆ ಉಗುರಾಡಿಸಿ ನೋಡಿ, ಇದು ಯಾವ ಯಂತ್ರದ್ದೆಂದು ಕೇಳಿದರು. ಹಾಡಿನ ಪ್ಲೇಟಿನದು ಎಂದಾಗ, ಚಿತ್ರದುರ್ಗದವರು ಹೇಳಿದ ಲೆಕ್ಕವನ್ನು ಚಾಕ್‌ಪೀಸಿನಿಂದ ಲೇತ್‌ನ ಮೇಲೆಯೇ ಬರೆದುಕೊಂಡು, ನಿಮಿಷಕ್ಕೆ 45 ಸುತ್ತಿನ ಪ್ಲೇಟುಗಳಿಗಾಗಿ ಪುಲ್ಲಿಯಲ್ಲಿರುವ ಇನ್ನೊಂದು ಮೆಟ್ಟಿಲಿಗೂ ಅದೇ ಲೆಕ್ಕ ಹಿಡಿದು ಕಡೆದುಕೊಟ್ಟರು. ಒಂದಿಷ್ಟು ದಪ್ಪ ಬಿಟ್ಟಿದ್ದರಿಂದ ಮೊದಲ ಸಲ ನೂರು ಸುತ್ತಿಗೆ 178 ಸೆಕೆಂಡು ಬಂತು. ಮರುದಿನ ಮತ್ತೆ ಹೋಗಿ, ಅವರ ಕೈಯಿಂದಲೇ ನುಣುಪಾದ ಎಮರಿ ಕಾಗದದಲ್ಲಿ ಉಜ್ಜಿಸಿದೆ. ಎರಡನೆಯ ಸಲ 179, ಮೂರನೆಯ ಸಲ 180. 180 ಗೆರೆಯ ಚಕ್ರವನ್ನೂ ಮುದ್ರಿಸಿ, ಅಡುಗೆಮನೆಯ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಪ್ಲೇಯರ್ ಒಯ್ದು ನೋಡಿದೆ, ಗೆರೆಗಳು ನಿಂತಿವೆ.

ಸಂಜೆ ಅದೇ ಮನ್ಸೂರರ ಪ್ಲೇಟು ಹಾಕಿದೆ. ಅಪ್ಪ ಮಗ್ಗುಲು ಮುಗಿಯುವವರೆಗೆ ಮಾತಾಡಲಿಲ್ಲ, ಮುಗಿದ ಮೇಲೆ "ಹೂಂ, ಈಗ ಬಂದರು" ಎಂದರು. ಆಮೇಲೆ ಗಂಗೂಬಾಯಿಯವರದನ್ನೂ ಮತ್ತೆ ಹಾಕಿಸಿಕೊಂಡು ಕೇಳಿದರು. ಮೊದಲ ದಿನ ನಾನು ಕೇಳಿದ್ದು ಅವರ ಕಂಠವಾಗಿರಲಿಲ್ಲವೆಂದು ನನಗೂ ಆಗಲೇ ತಿಳಿದದ್ದು. ತಮ್ಮನಿಗೆ ಚಕ್ರದ ಗೆರೆಗಳ ಕಥೆಯನ್ನು ಬರೆದು ಕಳುಹಿಸಿದ್ದೇನೆ. ಪ್ಲೇಟುಗಳಲ್ಲಿ ಹದಿನೆಂಟನ್ನು ಇದುವರೆಗೆ ತೊಳೆದಿದ್ದೇನೆ, ಉಳಿದವನ್ನು ತೊಳೆದ ಹಾಗೆಲ್ಲ ಹಾಕುತ್ತೇವೆ.